ನೆರೆ ಇಳಿದ ಮೇಲೆ ನಾವೂ ಹೊರಟುಬಿಡ್ತೀವಿ

ಮೊದಲು ಒಂದು ತಪ್ಪೊಪ್ಪಿಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ದಡದ ಒಂದು ಊರಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ನಾನು ಲೈವ್ ಕೊಟ್ಟೆ. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಒಣ ನೆಲ ಇತ್ತು. ಆದರೆ ಒಣ ನೆಲದ ಮೇಲೆ ನಿಂತು ನೆರೆ ಸುದ್ದಿ ಹೇಳಿದರೆ ನೋಡೋರು ಯಾರು? ಕ್ಯಾಮೆರಾದವನು ‘ಇನ್ನೂ ಸ್ವಲ್ಪ ಆಳಕ್ಕೆ ಹೋಗಿ’ ಅಂದ, ನಾನು ಹೋದೆ. ಗುಡಿಯ ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ಇದನ್ನೆಲ್ಲ ಸುಮ್ಮನೆ ನೋಡ್ತಿದ್ದರು. ಲೈವ್ ಮುಗಿದ ಮೇಲೆ ಕರೆದು ಹೇಳಿದರು: ‘ಎಪ್ಪಾ, ಬಂದಿದ್ದು ಛಲೋ ಆತು. ಆದ್ರ ನೀರ ಇಳದ್ ಮ್ಯಾಲ ಒಮ್ಮೆ ಬಾ. ಆವಾಗ ಐತಿ ನೋಡೂದು.’

ನಾನು ವಾಪಸ್ ಹೋಗಿದ್ದು ನವೆಂಬರ್‌ನಲ್ಲಿ. ಅಲ್ಲಿ ಏನು ಕಂಡೆ ಅನ್ನೋದನ್ನು ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ನಮ್ಮ ಸ್ಟುಡಿಯೋಗಳಲ್ಲಿ ಪ್ರತಿ ನೆರೆಯೂ ‘ಹಿಂದೆಂದೂ ಕಾಣದ’ ನೆರೆಯೇ. ಹಿಂದೆ ಕಂಡವರನ್ನು ಕೇಳುವ ಅಭ್ಯಾಸ ನಮಗಿಲ್ಲ.

1908, ಸೆಪ್ಟೆಂಬರ್ 28. ಜಾಗ ಹೈದರಾಬಾದ್. ಕೃಷ್ಣೆಯ ಉಪನದಿ ಮೂಸಿ ಒಂದೇ ದಿನದಲ್ಲಿ ಅರ್ಧ ಊರನ್ನು ಕೊಚ್ಚಿಕೊಂಡು ಹೋಯಿತು. ಸೇತುವೆಗಳು ಹೋದವು, ಸುಮಾರು 19,000 ಮನೆಗಳು ನೆಲಕಚ್ಚಿದವು. ಸತ್ತವರ ಸಂಖ್ಯೆ ಸಾವಿರಗಳಲ್ಲಿ, 15,000 ಅಂತ ಹೇಳುವವರೂ ಇದ್ದಾರೆ. ದಡದಲ್ಲಿದ್ದ ಒಂದು ಹುಣಸೆ ಮರ ಹತ್ತಿಕೊಂಡು ನೂರೈವತ್ತರಷ್ಟು ಜನ ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಇವತ್ತಿಗೂ ತೋರಿಸ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ನೆರೆಯಲ್ಲಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡು ಒಬ್ಬರೇ ಉಳಿದರು.

ಇಲ್ಲಿಗೆ ನಮ್ಮವರೊಬ್ಬರು ಬರ್ತಾರೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ. ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ಪ್ರತಿ ಹಾಲ್‌ನಲ್ಲೂ ಅವರ ಫೋಟೋ ಇತ್ತು. ಸೆಪ್ಟೆಂಬರ್ 15ಕ್ಕೆ ಹಾರ ಹಾಕ್ತಿದ್ದೆವು, ಭಾಷಣ ಕೇಳ್ತಿದ್ದೆವು, ಕೆಆರ್‌ಎಸ್ ಹೆಸರು ಹತ್ತು ಸಲ ಬರ್ತಿತ್ತು. ಮೂಸಿಯ ಹೆಸರು ಒಂದು ಸಲವೂ ಕೇಳಿದ ನೆನಪಿಲ್ಲ. ಮುಂಬೈ ಪ್ರಾಂತ್ಯದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಬಂದರು. ಬಂದವರು ಮೊದಲು ಮಾಡಿದ್ದು ಲೆಕ್ಕ. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಅಂದ್ರೆ ಊರನ್ನು ಮುಳುಗಿಸಿದ್ದು ಬರೀ ಮಳೆಯಲ್ಲ. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ, ಅದು ಒಡೆದು ಅದರ ಕೆಳಗಿನದಕ್ಕೆ ನುಗ್ಗಿ ಬಂದ ನೀರು ಅದು.

ಅವರಿಗೆ ಒಪ್ಪಿಸಿದ ಕೆಲಸಗಳ ಪಟ್ಟಿ ಗಮನಿಸಿ. ನೆರೆ ಮತ್ತೆ ಬರದಂತೆ ಉಪಾಯ ಹೇಳಬೇಕು, ಬಿದ್ದ ಊರನ್ನು ಕಟ್ಟೋಕೆ ಸಲಹೆ ಕೊಡಬೇಕು. ಮೂರನೆಯದು, ಊರಿಗೆ ಪೂರ್ತಿ ಒಳಚರಂಡಿ ಯೋಜನೆ ತಯಾರಿಸಬೇಕು. ನೆರೆಗೂ ಚರಂಡಿಗೂ ಏನು ಸಂಬಂಧ ಅಂತ ಆಗ ಯಾರೂ ಕೇಳಲಿಲ್ಲ. ನದಿ ಉಕ್ಕಿದಾಗ ಮೊದಲು ಉಕ್ಕೋದು ಕಕ್ಕಸು, ಆಮೇಲೆ ಬಾವಿ, ಆಮೇಲೆ ಮನುಷ್ಯನ ಹೊಟ್ಟೆ. 1909ರಲ್ಲೇ ಗೊತ್ತಿದ್ದ ವಿಷಯ ಇದು. ಇವತ್ತು ನೀರಾವರಿ ಇಲಾಖೆಯವರು ಒಂದು ಮೀಟಿಂಗ್ ಮಾಡ್ತಾರೆ, ಆರೋಗ್ಯ ಇಲಾಖೆಯವರು ಇನ್ನೊಂದು. ಒಬ್ಬರ ಮೀಟಿಂಗಿಗೆ ಇನ್ನೊಬ್ಬರು ಹೋಗೋದಿಲ್ಲ.

ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ವರದಿಯಿಂದ ಹುಟ್ಟಿದ ಜಲಾಶಯಗಳು. ಹೈದರಾಬಾದ್ ಬಚಾವಾಯಿತು. ಮುಂದೆ ಏನಾಯಿತು ಗೊತ್ತಾ? ಜಲಾಶಯ ನೀರು ಹಿಡಿದಿಟ್ಟ ಮೇಲೆ ಮೂಸಿ ಬತ್ತಿತು. ಬತ್ತಿದ ಮೇಲೆ ಹೊಳೆಯ ಅಂಗಳಕ್ಕೇ ಊರು ಇಳಿಯಿತು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೆ ಮುಳುಗಿದಾಗ ಹೊಳೆ ಪಕ್ಕದಲ್ಲಿ ಬದುಕ್ತಿದ್ದವರ ಮನೆಗಳಿಗೂ ನೀರು ಬಂತು.

ಈ ಕಥೆಯನ್ನು ಮನಸ್ಸಲ್ಲಿಟ್ಟುಕೊಂಡು ಮಲಪ್ರಭೆಗೆ ಬನ್ನಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ, ರಾಮದುರ್ಗ, ನರಗುಂದ, ಬಾದಾಮಿ ಕಡೆಯಿಂದ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುವ ಹೊಳೆ. ಚಾಲುಕ್ಯರು ಪಟ್ಟದಕಲ್ಲಿನ ಗುಡಿಗಳನ್ನು ಕಟ್ಟಿದ್ದು ಇದರ ದಡದಲ್ಲೇ. 1970ರ ದಶಕದ ಆರಂಭದಲ್ಲಿ ಸವದತ್ತಿ ಹತ್ತಿರ ನವಿಲುತೀರ್ಥ ಅಣೆಕಟ್ಟು ಬಂತು. ಸಾಮರ್ಥ್ಯ ಸುಮಾರು 37 ಟಿಎಂಸಿ. ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ಇದೇ ನೀರಾವರಿಯ ಕರ ವಸೂಲಿ ವಿರುದ್ಧ 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದುನಿಂತರು, ಗುಂಡೇಟು ತಿಂದರು. ಈಗ ಅದೇ ತಾಲ್ಲೂಕುಗಳು ಕಳಸಾ-ಬಂಡೂರಿ ನೀರಿಗಾಗಿ ಹೋರಾಡ್ತಿವೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಬಂತು, ಕರ್ನಾಟಕಕ್ಕೆ 13.42 ಟಿಎಂಸಿ. ಸರಿಯಾಗಿ ಒಂದು ವರ್ಷಕ್ಕೆ, ಒಂದು ಕೊಡ ನೀರಿಗೆ ಬೀದಿಗಿಳಿದಿದ್ದ ಅದೇ ಜನ ನೀರಿಂದ ತಪ್ಪಿಸಿಕೊಳ್ಳೋಕೆ ಮಾಳಿಗೆ ಹತ್ತಿದರು.

ಅಣೆಕಟ್ಟಿನ ಕೆಳಗೆ ಐವತ್ತು ವರ್ಷದಲ್ಲಿ ಏನಾಗಿದೆ ನೋಡಿ. ಮೊದಲೆಲ್ಲ ವರ್ಷಾ ವರ್ಷಾ ಮಳೆಗಾಲದಲ್ಲಿ ಹೊಳೆ ತುಂಬಿ ಬರ್ತಿತ್ತು. ಬಂದ ನೀರು ಹೂಳನ್ನು ತಳ್ಳಿಕೊಂಡು, ಗಿಡಗಂಟಿ ಕಿತ್ತುಕೊಂಡು ಹೋಗಿ ತನ್ನ ದಾರಿಯನ್ನು ತಾನೇ ಸ್ವಚ್ಛ ಮಾಡಿಕೊಳ್ತಿತ್ತು. ಅಣೆಕಟ್ಟು ಬಂದ ಮೇಲೆ ಆ ನೀರು ಬರಲಿಲ್ಲ. ಪಾತ್ರದಲ್ಲಿ ಹೂಳು ಕೂತಿತು, ಜಾಲಿ ಬೆಳೆಯಿತು. ಖಾಲಿ ಬಿದ್ದ ಅಂಗಳ ಕಂಡು ಪಕ್ಕದ ಹೊಲದವರು ಒಂದು ಮೊಳ, ಎರಡು ಮೊಳ ಅಂತ ಒಳಗೆ ಬಂದರು. ಕಬ್ಬು ಹಚ್ಚಿದರು. ಕೆಲವು ಕಡೆ ಇವತ್ತು ಮಲಪ್ರಭೆಯನ್ನು ನೋಡಿದರೆ ಅದು ಹೊಳೆಯೋ, ದೊಡ್ಡ ಹಳ್ಳವೋ ಅಂತ ಅನುಮಾನ ಬರುತ್ತೆ. ಒತ್ತುವರಿ ಮಾಡಿದವರನ್ನು ಬೈಯೋದು ಸುಲಭ. ನಾನೂ ಬೈದಿದ್ದೀನಿ, ಪ್ರೈಮ್ ಟೈಮ್‌ನಲ್ಲೇ. ಆದರೆ ನಲವತ್ತು ವರ್ಷ ನೀರು ಕಾಣದ ಜಾಗದಲ್ಲಿ ಬಿತ್ತಬೇಡ ಅಂತ ಎರಡು ಎಕರೆಯವನಿಗೆ ಯಾರು ಹೇಳಿದರು? ಅಳತೆ ಮಾಡಿ ಗಡಿಕಲ್ಲು ಯಾರು ನೆಟ್ಟರು?

ಇನ್ನು 2009. ಆಗ ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಸ್ಟೆಲ್ಲಿನ ಟಿವಿ ಮುಂದೆ ಕೂತು ನೋಡಿದ ನೆರೆ ಅದು. ಆ ವರ್ಷ ದೇಶದ ಮುಂಗಾರು 1972ರ ನಂತರದ ಅತಿ ಕೆಟ್ಟ ಮುಂಗಾರು. ಸೆಪ್ಟೆಂಬರ್ ಮುಗಿಯುವವರೆಗೂ ಉತ್ತರ ಕರ್ನಾಟಕದಲ್ಲಿ ಬರದ ಮಾತೇ. ತಿಂಗಳ ಕೊನೆಗೆ ಶುರುವಾದ ಮಳೆ ನಾಲ್ಕೈದು ದಿನದಲ್ಲಿ ಎಲ್ಲವನ್ನೂ ತಲೆಕೆಳಗು ಮಾಡಿತು. ರಾಜ್ಯದಲ್ಲಿ ಸತ್ತವರು 200ಕ್ಕೂ ಹೆಚ್ಚು. ತುಂಗಭದ್ರೆ ಮಂತ್ರಾಲಯದ ಮಠಕ್ಕೆ ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು. ಶ್ರೀಶೈಲಕ್ಕೆ ಹರಿದು ಬಂದಿದ್ದು ಹತ್ತಿರ ಹತ್ತಿರ 25 ಲಕ್ಷ ಕ್ಯೂಸೆಕ್, ಅಣೆಕಟ್ಟು ಉಳಿದಿದ್ದೇ ದೊಡ್ಡದು.

ಆ ಸಲದ ಸಾವುಗಳಲ್ಲಿ ನೀರಲ್ಲಿ ಕೊಚ್ಚಿಹೋದವರಷ್ಟೇ ಇರಲಿಲ್ಲ. ಮಲಗಿದ್ದಾಗ ಮೇಲೆ ಮನೆ ಬಿದ್ದು ಸತ್ತವರೂ ಬಹಳ. ಎರೆ ಭೂಮಿಯ ಮನೆಗಳನ್ನು ನೀವು ನೋಡಿರಬಹುದು. ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲ ಸೀಮೆಗೆ ಹೇಳಿ ಮಾಡಿಸಿದ ಮನೆ, ಬೇಸಿಗೆಯಲ್ಲಿ ಫ್ಯಾನ್ ಬೇಡ. ಆದರೆ ಮೂರು ದಿನ ಬಿಡದೆ ಮಳೆ ಬಿದ್ದರೆ ಮಾಳಿಗೆ ನೀರು ಕುಡೀತಾ ಕುಡೀತಾ ಭಾರವಾಗುತ್ತೆ, ಕೆಳಗೆ ಗೋಡೆ ಬುಡ ನೆನೆದು ಮೆತ್ತಗಾಗುತ್ತೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ಮಳೆ ನಿಂತು ಬಿಸಿಲು ಬಂದಾಗ ಬಿರುಕು ಬಿಟ್ಟು ಬೀಳೋದೂ ಉಂಟು. ‘ಮಳೆ ನಿಂತಿತು, ಜನ ನಿಟ್ಟುಸಿರು ಬಿಟ್ಟರು’ ಅಂತ ನಾವು ಟಿವಿಯಲ್ಲಿ ಹೇಳ್ತೀವಲ್ಲ, ಆ ಹೊತ್ತು ಅದು.

ಆಮೇಲೆ ‘ಆಸರೆ’ ಯೋಜನೆ ಬಂತು. ದಾನಿಗಳ ದುಡ್ಡು, ಸರ್ಕಾರದ ದುಡ್ಡು ಸೇರಿಸಿ ಎತ್ತರದ ಜಾಗದಲ್ಲಿ ಹೊಸ ಊರುಗಳನ್ನು ಕಟ್ಟಿದರು. ಒಳ್ಳೆಯ ಉದ್ದೇಶ, ಅದರಲ್ಲಿ ಅನುಮಾನ ಇಲ್ಲ. ಆದರೆ ನೆರೆ ಬಂದು ತಿಂಗಳಾಗುವಷ್ಟರಲ್ಲಿ ಆಡಳಿತ ಪಕ್ಷದ ಶಾಸಕರು ರೆಸಾರ್ಟ್ ಸೇರಿದ್ದರು, ನಮ್ಮ ಕ್ಯಾಮೆರಾಗಳೂ ಅವರ ಹಿಂದೆ ಹೋದವು. ಹತ್ತು ವರ್ಷದ ಮೇಲೆ, 2019ರಲ್ಲಿ, ನಾನೇ ಕಣ್ಣಾರೆ ನೋಡಿದ ಒಂದು ಆಸರೆ ಬಡಾವಣೆಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬಾಗಿಲೇ ಇರಲಿಲ್ಲ. ಒಳಗೆ ಕಣಿಕೆ ಒಟ್ಟಿದ್ದರು. ಮನೆಯ ಯಜಮಾನರು ಹಳೆ ಊರಲ್ಲೇ, ಹೊಳೆ ಪಕ್ಕದಲ್ಲೇ ಇದ್ದರು.

‘ಫ್ರೀ ಮನೆ ಕೊಟ್ಟರೂ ಹೋಗಲ್ಲ ಅಂದ್ರೆ ಏನು ಮಾಡೋಕಾಗುತ್ತೆ ಸಾರ್?’ ಅಂತ ಅಧಿಕಾರಿಯೊಬ್ಬರು ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ನಾನು ಊರಿನವರನ್ನೂ ಕೇಳಿದೆ. ಒಬ್ಬರು ಲೆಕ್ಕ ಹಾಕಿ ತೋರಿಸಿದರು. ಹೊಸ ಮನೆಯಿಂದ ಹೊಲಕ್ಕೆ ಮೂರು ಕಿಲೋಮೀಟರ್. ಎರಡು ಎತ್ತು, ಒಂದು ಎಮ್ಮೆ, ನಾಲ್ಕು ಕುರಿ ಕಟ್ಟೋಕೆ ಜಾಗ ಇಲ್ಲ. ಇಬ್ಬರು ಮಕ್ಕಳು ಮದುವೆಯಾಗಿ ಮೂರು ಒಲೆ ಆಗಿವೆ, ಸಿಕ್ಕಿದ್ದು ಒಂದೇ ಮನೆ. ಹೊಳೆ ಹತ್ತು ವರ್ಷಕ್ಕೊಮ್ಮೆ ಬರುತ್ತೆ, ದನ ದಿನಾ ಮೇಯಬೇಕು. ಈ ಲೆಕ್ಕದಲ್ಲಿ ತಪ್ಪು ಹುಡುಕೋಕೆ ನನಗಾಗಲಿಲ್ಲ.

ಈಗ ಇಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಲೆಕ್ಕ ಹೇಳಿಬಿಡ್ತೀನಿ, ಸಹಿಸಿಕೊಳ್ಳಿ. ಪ್ರತಿ ವರ್ಷ ಒಂದೇ ಜಗಳ: ಸಾಂಗ್ಲಿ, ಕೊಲ್ಹಾಪುರ ಮುಳುಗಿದರೆ ಆಲಮಟ್ಟಿ ಕಾರಣ ಅಂತ ಅವರು, ಬಾಗಲಕೋಟೆ ಮುಳುಗಿದರೆ ಕೊಯ್ನಾ ಕಾರಣ ಅಂತ ನಾವು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. 2019ರಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತ್ತು. ಅಂದ್ರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಒಟ್ಟು ಸಾಮರ್ಥ್ಯವೇ 123 ಟಿಎಂಸಿ. ಪೂರ್ತಿ ಖಾಲಿ ಇದ್ದರೂ ಮೂರೇ ದಿನಕ್ಕೆ ತುಂಬಿಬಿಡುತ್ತೆ. ಆಗಸ್ಟ್‌ನಲ್ಲಿ ಯಾವ ಜಲಾಶಯ ಖಾಲಿ ಇರುತ್ತೆ ಹೇಳಿ? ಮುಂಚೆಯೇ ಖಾಲಿ ಮಾಡಿಟ್ಟುಕೊಂಡು ಮಳೆ ಕೈಕೊಟ್ಟರೆ ಆ ಇಂಜಿನಿಯರ್‌ನನ್ನು ರೈತರು ಸುಮ್ಮನೆ ಬಿಡಲ್ಲ, ನಾವಂತೂ ಬಿಡಲ್ಲ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ, ಆ ನೆರೆಗೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳಿತು. ಆದರೂ ಜಗಳ ನಿಂತಿಲ್ಲ, ನಿಲ್ಲೋದೂ ಇಲ್ಲ. ಆರೋಪ ಮಾಡೋದು ಹೂಳು ತೆಗೆಯೋದಕ್ಕಿಂತ ಅಗ್ಗ.

ಜಗಳದ ಮಧ್ಯೆ ಒಂದು ವಿಷಯ ಯಾರ ಬಾಯಲ್ಲೂ ಬರೋದಿಲ್ಲ. ಬಸವಸಾಗರದ ಗೇಟ್ ತೆಗೆದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತೆ, ಕೃಷ್ಣೆಯ ನಡುಗಡ್ಡೆಯವರಿಗೆ ದಾರಿ ಬಂದ್. ಹೆರಿಗೆ ನೋವು ಬಂದವಳಿಗೆ, ಹಾವು ಕಚ್ಚಿದವನಿಗೆ ಕ್ಯೂಸೆಕ್ಕಿನ ಅಂಕಿ ತಗೊಂಡು ಏನಾಗಬೇಕು?

ಸರಿ, ನವೆಂಬರ್‌ಗೆ ಬರೋಣ. 2019ರ ನೆರೆ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ಮುಟ್ಟಿತ್ತು. ನೆರೆ ಬಂದಾಗ ರಾಜ್ಯದಲ್ಲಿ ಮುಖ್ಯಮಂತ್ರಿ ಒಬ್ಬರೇ ಇದ್ದರು, ಸಂಪುಟವೇ ಇರಲಿಲ್ಲ. ಮೂರು ತಿಂಗಳು ಕಳೆದು ನಾನು ಹೋದಾಗ ಹೊಳೆ ತನ್ನ ಪಾಡಿಗೆ ತಾನು ಸಣ್ಣಗೆ ಹರೀತಿತ್ತು. ಅಜ್ಜಿ ಗುರುತು ಹಿಡಿದರು. ‘ಬಂದ್ಯಾ?’ ಅಂದವರೇ ಕೈ ಹಿಡಿದು ಊರೊಳಗೆ ಕರಕೊಂಡು ಹೋದರು.

ಮೊದಲು ತೋರಿಸಿದ್ದು ಕುಡಿಯೋ ನೀರಿನ ಬೋರು. ನೆರೆ ನೀರಿನ ಜೊತೆ ಬಯಲಿನ ಹೊಲಸೆಲ್ಲ ಅದರ ಸುತ್ತ ನಿಂತಿತ್ತು. ಬ್ಲೀಚಿಂಗ್ ಪೌಡರ್ ಹಾಕಿದ್ದರು, ಕ್ಲೋರಿನ್ ಮಾತ್ರೆ ಕೊಟ್ಟಿದ್ದರು. ವಾಸನೆ ಅಂತ ಅರ್ಧ ಜನ ಮಾತ್ರೆ ಹಾಕಲಿಲ್ಲ. ವಾಂತಿ-ಭೇದಿ ಮೊದಲ ವಾರದ ಕಾಯಿಲೆ. ಅದಕ್ಕೆ ವೈದ್ಯರು ಬಂದಿದ್ದರು, ಕ್ಯಾಂಪ್ ಇತ್ತು, ನಮ್ಮ ಕ್ಯಾಮೆರಾನೂ ಇತ್ತು. ಆದರೆ ಇಲಿಜ್ವರಕ್ಕೆ ಅಷ್ಟು ಅವಸರ ಇಲ್ಲ. ಇಲಿ ಮೂತ್ರ ಬೆರೆತ ನೀರಲ್ಲಿ ಬರಿಗಾಲಲ್ಲಿ ನಡೆದವನಿಗೆ, ಕಾಲಲ್ಲಿ ಒಂದು ಗೀರು ಗಾಯ ಇದ್ದರೆ ಸಾಕು, ಒಂದೆರಡು ವಾರ ಬಿಟ್ಟು ಜ್ವರ ಏರುತ್ತೆ. ಡೆಂಗ್ಯೂ ಸೊಳ್ಳೆಗೂ ಅಷ್ಟೇ ಸಮಯ ಬೇಕು. ಒಡೆದ ಮಡಕೆ, ಟೈರು, ತಗಡಿನಲ್ಲಿ ನಿಂತ ನೀರು ಅದಕ್ಕೆ ಧಾರಾಳ. ಅಷ್ಟೊತ್ತಿಗೆ ಗಂಜಿ ಕೇಂದ್ರ ಮುಚ್ಚಿರುತ್ತೆ, ಕ್ಯಾಂಪ್ ಎತ್ತಿರ್ತಾರೆ. ಯಾವ ಪಟ್ಟಿಯಲ್ಲೂ ಅದು ನೆರೆಯ ಕಾಯಿಲೆ ಅಂತ ಬರೆಯೋದಿಲ್ಲ.

ದನಗಳದ್ದೂ ಇದೇ ಕಥೆ. ಗಳಲೆ ರೋಗ, ಚಪ್ಪೆ ರೋಗ. ಚಪ್ಪೆ ರೋಗದ ಸೂಕ್ಷ್ಮಾಣು ವರ್ಷಗಟ್ಟಲೆ ಮಣ್ಣಲ್ಲಿ ಸುಮ್ಮನೆ ಇರುತ್ತೆ; ನೆರೆ ಮಣ್ಣನ್ನು ಕದಡಿದರೆ ಮೇಲೆ ಬರುತ್ತೆ. ಬಣವೆ ಕೊಚ್ಚಿಹೋಗಿತ್ತು, ಉಳಿದ ಮೇವಿಗೆ ಬೂಸಲು. ಹಸಿದ ದನ ಬೂಸಲು ಮೇವನ್ನೂ ತಿಂತಿತ್ತು.

ಹಳೆ ಮನೆಯೊಂದರ ಅಂಗಳದಲ್ಲಿ ಅಜ್ಜಿ ನೆಲ ತೋರಿಸಿದರು. ಅಲ್ಲೊಂದು ಹಗೇವು ಇತ್ತಂತೆ, ಜೋಳ ತುಂಬಿಡುವ ನೆಲದೊಳಗಿನ ಕಣಜ. ಈಗ ಹಗೇವಿನಲ್ಲಿ ಜೋಳ ತುಂಬುವವರು ಕಡಿಮೆ, ಈ ಮನೆಯವರು ತುಂಬಿದ್ದರು. ನೀರು ಒಳಗಿಳಿದು ಜೋಳ ಕೊಳೆತು, ವಾಸನೆಗೆ ಹತ್ತು ದಿನ ಆ ಓಣಿಯಲ್ಲಿ ಯಾರೂ ಊಟ ಮಾಡೋಕಾಗಲಿಲ್ಲ ಅಂದರು.

ಎರೆ ಹೊಲ ಕೆಲವು ಕಡೆ ಮೇಲ್ಮಣ್ಣು ಕಳೆದುಕೊಂಡಿತ್ತು, ಕೆಲವು ಕಡೆ ಮೊಣಕಾಲು ಮುಳುಗುವಷ್ಟು ಮರಳು ಹೊದ್ದುಕೊಂಡಿತ್ತು. ಪರಿಹಾರದ ಲೆಕ್ಕ ಕೇಳಿ. ಕೇಂದ್ರದ ನಿಯಮದಲ್ಲಿ ಆಗ ಒಣಬೇಸಾಯದ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿ ಬೆಳೆಗೆ 13,500. ಅದೂ ಎರಡು ಹೆಕ್ಟೇರಿಗೆ ಮಾತ್ರ. ರಾಜ್ಯ ಮೇಲಿಷ್ಟು ಸೇರಿಸಿತು. ಆದರೆ ದುಡ್ಡು ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಲಾವಣಿಗೆ ಹೊಲ ಮಾಡಿದವನು ಬೀಜ, ಗೊಬ್ಬರ, ಸಾಲ ಎಲ್ಲ ತನ್ನ ತಲೆ ಮೇಲೆ ಹೊತ್ತಿರ್ತಾನೆ, ಪರಿಹಾರ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುವ ಹೊಲದ ಮಾಲೀಕನ ಅಕೌಂಟಿಗೆ ಬೀಳುತ್ತೆ. ಕೂಲಿಗೆ ಹೋಗುವ ಹೆಂಗಸಿಗೆ ಕಳೆ ತೆಗೆಯೋಕೆ ಬೆಳೆಯೇ ಇಲ್ಲ. ಆಕೆಯ ಮೂರು ತಿಂಗಳ ಕೂಲಿ ಯಾವ ಅರ್ಜಿಯಲ್ಲೂ ಇಲ್ಲ. ಮನೆಗಳಿಗೆ ಎ, ಬಿ, ಸಿ ಅಂತ ವರ್ಗ ಮಾಡಿದ್ದರು. ಪೂರ್ತಿ ಬಿದ್ದಿದ್ದರೆ 5 ಲಕ್ಷ, ಸಿ ಅಂದ್ರೆ 50 ಸಾವಿರ. ಆ ಊರಲ್ಲಿ ಒಂದೇ ಗೋಡೆಯ ಆ ಕಡೆಯ ಮನೆ ಎ, ಈ ಕಡೆಯದು ಸಿ. ಅಣ್ಣ-ತಮ್ಮ ಇಬ್ಬರೂ ಮಾತು ಬಿಟ್ಟಿದ್ದರು.

ಕೊನೆಗೆ ಕರಕೊಂಡು ಹೋಗಿದ್ದು ಒಬ್ಬ ನೇಕಾರರ ಮನೆಗೆ. ರಾಮದುರ್ಗ, ಗುಳೇದಗುಡ್ಡ, ಇಳಕಲ್ ಸೀಮೆಯಲ್ಲಿ ಕೈಮಗ್ಗವನ್ನು ನೆಲದಲ್ಲಿ ಕುಣಿ ತೋಡಿ ಕೂರಿಸ್ತಾರೆ. ನೇಕಾರ ಕುಣಿಯೊಳಗೆ ಕಾಲಿಳಿಸಿ ಕೂತು ಕಾಲಿಂದ ತುಳೀತಾ ನೇಯ್ತಾನೆ. ನೆಲಕ್ಕೆ ತಾಗಿಕೊಂಡಿರುವ ಕಸುಬು ಇದು. ಮನೆಯೊಳಗೆ ಒಂದು ಅಡಿ ನೀರು ಬಂದರೆ ಸಾಕು, ಮಗ್ಗ ಮುಳುಗಿತು. ಮರ ಉಬ್ಬುತ್ತೆ, ಹಾಸಿಗೆ ಹಾಕಿದ ನೂಲು ಕೊಳೆಯುತ್ತೆ. ಅವರ ಗೋಡೆ ಬಿದ್ದಿರಲಿಲ್ಲ, ಹಾಗಾಗಿ ಮನೆ ಸಿ ವರ್ಗ. ನೂಲು ಮಾಲೀಕನದು, ಅದರ ಬೆಲೆ ಇವರ ಲೆಕ್ಕಕ್ಕೆ ಬರೆದಾಗಿತ್ತು.

‘ಕುಣ್ಯಾಗಿನ ನೀರ ಚೆಲ್ಲಿದ್ವಿರಿ ಸರ, ಒಂದ್ ತಾಸಿನ್ಯಾಗ ಮತ್ತ ಬಂತು. ಮತ್ತ ಚೆಲ್ಲಿದ್ವಿ. ನೆಲದಾಗಿಂದನ ಬರಾಕತ್ತೈತಿ’ ಅಂದರು.

ನಾನು ಬಗ್ಗಿ ನೋಡಿದೆ. ನೆರೆ ಇಳಿದು ಮೂರು ತಿಂಗಳಾಗಿತ್ತು. ಕುಣಿಯ ತಳದಲ್ಲಿ ಇನ್ನೂ ಒಂದು ಗೇಣು ನೀರಿತ್ತು. ಅದರಲ್ಲಿ ಸೊಳ್ಳೆ ಮರಿಗಳು ಓಡಾಡ್ತಿದ್ದವು. ಪಕ್ಕದ ಕೋಣೆಯಲ್ಲಿ ಅವರ ಮಗಳು ಜ್ವರ ಬಂದು ಮಲಗಿದ್ದಳು. ಕ್ಯಾಮೆರಾದವನು ಲೈಟ್ ಕಡಿಮೆ ಇದೆ, ಸರಿಯಾಗಿ ಕಾಣ್ತಿಲ್ಲ ಅಂದ. ಆ ದಿನದ ಸ್ಟೋರಿ ಎರಡು ನಿಮಿಷ ಹತ್ತು ಸೆಕೆಂಡು ಇತ್ತು. ರಾತ್ರಿ ಬೇರೆ ಸುದ್ದಿ ಬಂತು, ಪ್ರಸಾರ ಆಗಲಿಲ್ಲ.